ಸುಟ್ಟ ಕೈಗೆ ಯಾವುದು ಪ್ರಮಾಣ?

ಒಗ್ಗರಣೆಯ ಎಣ್ಣೆ ಸಿಡಿದು ಮುಂಗೈ ಸುಟ್ಟರೆ ಮನೆಯಲ್ಲಿದ್ದವರೆಲ್ಲ ಒಂದೊಂದು ಮದ್ದು ಹೇಳುತ್ತಾರೆ. ಒಬ್ಬರಿಗೆ ಬೆಣ್ಣೆ, ಇನ್ನೊಬ್ಬರಿಗೆ ದೋಸೆಹಿಟ್ಟು, ಮತ್ತೊಬ್ಬರಿಗೆ ಅರಿಸಿನ, ಹುಡುಗರಿಗೆ ಟೂತ್‌ಪೇಸ್ಟ್. ‘ನೀರು ಮಾತ್ರ ಹಾಕಬೇಡ, ಬೊಬ್ಬೆ ಏಳುತ್ತೆ’ ಎಂಬ ಎಚ್ಚರಿಕೆಯೂ ಜೊತೆಗೇ ಬರುತ್ತದೆ. ಇವೆಲ್ಲ ಎಷ್ಟು ಸುರಕ್ಷಿತ ಎಂಬುದಕ್ಕೆ ವೈದ್ಯರಲ್ಲಿ ಉತ್ತರವಿದೆ. ಆದರೆ ಆ ಉತ್ತರ ನಮ್ಮ ಅಡುಗೆಮನೆಗೆ ಇಳಿಯದೆ ಇರುವುದಕ್ಕೆ ಕಾರಣ ಇನ್ನೊಂದು ಪ್ರಶ್ನೆಯಲ್ಲಿದೆ. ಹಿರಿಯರ ಮಾತು ಯಾವ ವಿಷಯದಲ್ಲಿ ಪ್ರಮಾಣ, ಯಾವುದರಲ್ಲಿ ಅಲ್ಲ?

ಇದನ್ನು ನಮ್ಮ ದಾರ್ಶನಿಕರು ಬಹಳ ಹಿಂದೆಯೇ ಚರ್ಚಿಸಿದ್ದಾರೆ. ಶಂಕರಾಚಾರ್ಯರ ಗೀತಾಭಾಷ್ಯದ 18ನೇ ಅಧ್ಯಾಯದಲ್ಲಿ ಬರುವ ಉದಾಹರಣೆಯಂತೂ ಬೆಂಕಿಯದೇ: ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದು. ಕಣ್ಣಿಗೂ ಅನುಮಾನಕ್ಕೂ ಸಿಕ್ಕದ ವಿಷಯದಲ್ಲಷ್ಟೇ ಶ್ರುತಿಗೆ ಅಧಿಕಾರ ಎಂಬುದು ಅವರ ವಾದ. ವೇದಕ್ಕೇ ಇಂಥ ಎಲ್ಲೆ ಹಾಕಿದವರ ಪರಂಪರೆಯಲ್ಲಿ ಬೆಣ್ಣೆಯ ಉಪದೇಶಕ್ಕೆ ಎಲ್ಲೆಯೇ ಇಲ್ಲವೆಂದರೆ ಹೇಗೆ? ಸುಟ್ಟ ಚರ್ಮ ಕಣ್ಣೆದುರಿಗೇ ಇದೆ, ಪರೀಕ್ಷೆಗೆ ಸಿಗುತ್ತದೆ. ಅಲ್ಲಿ ನಡೆಯಬೇಕಾದ್ದು ಪರೀಕ್ಷೆಯ ಮಾತೇ.

ಪರೀಕ್ಷೆ ಹೇಳುವುದಿಷ್ಟು. ಒಲೆಯಿಂದ ಇಳಿಸಿದ ಕಾವಲಿಯಂತೆ, ಬೆಂಕಿಯಿಂದ ಕೈ ತೆಗೆದ ಮೇಲೂ ಚರ್ಮದೊಳಗೆ ಕಾವು ಉಳಿದಿರುತ್ತದೆ. ಅದು ಇನ್ನಷ್ಟು ಆಳಕ್ಕೆ ಸುಡುತ್ತದೆ. ಹರಿಯುವ ತಂಪು ನೀರಿನ ಕೆಳಗೆ 20 ನಿಮಿಷ ಹಿಡಿದರೆ ಆ ಕಾವು ನೀರಿನೊಡನೆ ಹೋಗುತ್ತದೆ. ಸುಟ್ಟು 3 ಗಂಟೆಯೊಳಗೆ ಹೀಗೆ ಮಾಡಿದರೂ ಪ್ರಯೋಜನವಿದೆ. ಬೆಣ್ಣೆ, ಎಣ್ಣೆ ಬಳಿದರೆ ಕಾವು ಹೊರಬರುವ ದಾರಿಗೇ ಅಡ್ಡಿ. ದೋಸೆಹಿಟ್ಟಂತೂ ಸೂಕ್ಷ್ಮಜೀವಿಗಳಿಂದಲೇ ಹುಳಿಬರುವ ವಸ್ತು. ಅದನ್ನು ಕಿತ್ತ ಚರ್ಮಕ್ಕೆ ಬಳಿಯುವುದೆಂದರೆ ಸೋಂಕನ್ನು ಕರೆದಂತೆ. ಅರಿಸಿನದ ಬಣ್ಣ ಗಾಯದ ಆಳವನ್ನು ವೈದ್ಯರ ಕಣ್ಣಿಂದ ಮರೆಸುತ್ತದೆ. ಐಸ್ ಅತಿಯಾಯಿತು: ಅದು ರಕ್ತನಾಳಗಳನ್ನು ಕುಗ್ಗಿಸಿ, ಮೊದಲೇ ನೊಂದ ಚರ್ಮವನ್ನು ಮತ್ತೆ ಕೊಲ್ಲುತ್ತದೆ. ಟೂತ್‌ಪೇಸ್ಟಿನದು ಇನ್ನೂ ಸ್ವಾರಸ್ಯದ ಮೋಸ. ಅದರಲ್ಲಿರುವ ಮೆಂಥಾಲ್ ತಂಪನ್ನು ಅರಿಯುವ ನರಗಳನ್ನು ಕೆಣಕುತ್ತದಷ್ಟೇ, ಚರ್ಮದ ಬಿಸಿಯನ್ನು ಇಳಿಸುವುದಿಲ್ಲ. ‘ಹಚ್ಚಿದ ಕೂಡಲೇ ತಂಪಾಯಿತು’ ಎಂಬ ಪ್ರತ್ಯಕ್ಷಾನುಭವವೂ ಭ್ರಮೆಯಾಗಬಹುದು ಎಂಬುದಕ್ಕೆ ನಮ್ಮ ದಾರ್ಶನಿಕರಿಗೆ ಹಗ್ಗ–ಹಾವಿಗಿಂತ ಒಳ್ಳೆಯ ನಿದರ್ಶನ ಸಿಗುತ್ತಿತ್ತು.

‘ತಲೆತಲಾಂತರದಿಂದ ವಾಸಿಯಾಗುತ್ತ ಬಂದಿದೆಯಲ್ಲ’ ಎನ್ನುವವರಿದ್ದಾರೆ. ಮೇಲ್ಪದರ ಮಾತ್ರ ಸುಟ್ಟ ಗಾಯ ಏನೂ ಹಚ್ಚದಿದ್ದರೂ ಒಂದು ವಾರದಲ್ಲಿ ಮಾಯುತ್ತದೆ. ಕೀರ್ತಿ ಬೆಣ್ಣೆಗೆ ಹೋಗುತ್ತದೆ. ಕಾಕತಾಳೀಯ ಎಂದರೆ ಇದೇ. ಗಾಯ ಕೀವಾಗಿ ಆಸ್ಪತ್ರೆ ಸೇರಿದಾಗ ಮಾತ್ರ ಅಪವಾದ ಬೆಣ್ಣೆಗಲ್ಲ, ಹಣೆಬರಹಕ್ಕೆ. ಗೆದ್ದರೆ ಮದ್ದಿನದು, ಸೋತರೆ ವಿಧಿಯದು ಎಂಬ ಲೆಕ್ಕದಲ್ಲಿ ಯಾವ ಮದ್ದೂ ಎಂದೂ ಸೋಲದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಜೇನಿನದು. ಹೆಚ್ಚು ಆಳವಿಲ್ಲದ ಸುಟ್ಟಗಾಯಗಳು ಕೆಲವು ಸಾಮಾನ್ಯ ಪಟ್ಟಿಗಳಿಗಿಂತ ಜೇನಿನಿಂದ ಬೇಗ ಮಾಯುತ್ತವೆಂದು ವೈದ್ಯಕೀಯ ಪ್ರಯೋಗಗಳನ್ನು ತೂಗಿನೋಡುವ 2015ರ ಕಾಕ್ರೇನ್ ಸಮೀಕ್ಷೆಯೇ ಹೇಳಿದೆ. ಆಲೂಗಡ್ಡೆ ಸಿಪ್ಪೆ, ಬಾಳೆಎಲೆಗಳನ್ನು ಪಟ್ಟಿಯಾಗಿ ಬಳಸಿ ನೋಡಿದ ವೈದ್ಯರು ನಮ್ಮ ದೇಶದಲ್ಲೇ ಇದ್ದಾರೆ. ಇದನ್ನು ಒಪ್ಪಲೇಬೇಕು, ಅಡುಗೆಮನೆಯ ವಸ್ತುವೆಂಬ ಕಾರಣಕ್ಕೇ ಯಾವುದೂ ಕೀಳಲ್ಲ. ಆದರೆ ಅಲ್ಲಿ ಸಿಪ್ಪೆ, ಎಲೆಗಳನ್ನು ಕ್ರಿಮಿಶುದ್ಧ ಮಾಡಿ, ತೊಳೆದ ಗಾಯಕ್ಕೆ ಕಟ್ಟಿ, ದಿನದಿನವೂ ಗಮನಿಸಿದರು. ಡಬ್ಬಿಯೊಳಗೆ ಎಲ್ಲರ ಚಮಚ ಅದ್ದಿದ ಜೇನಿಗೆ ಆ ಪ್ರಮಾಣಪತ್ರ ಸಲ್ಲದು.

ಹಾಗಾದರೆ ಪರಂಪರೆಗೆ ಅಗೌರವವಾಯಿತೆ? ಸುಶ್ರುತ ಸಂಹಿತೆಯನ್ನೇ ನೋಡಿ. ಸುಟ್ಟಗಾಯಗಳನ್ನು ಆಳಕ್ಕೆ ತಕ್ಕಂತೆ ನಾಲ್ಕು ಬಗೆಯಾಗಿ ವಿಂಗಡಿಸಿದ ಗ್ರಂಥ ಅದು. ಇಂದಿಗೂ ಬೆರಗಾಗುವಂಥ ಕೆಲಸ. ಅದೇ ಗ್ರಂಥ, ಚರ್ಮ ಬಣ್ಣಗೆಟ್ಟು ಉರಿಯುವ ಮೊದಲ ಬಗೆಗೆ ಕಾವು ಕೊಡಬೇಕು, ತಣ್ಣೀರು ರಕ್ತವನ್ನು ಹೆಪ್ಪುಗಟ್ಟಿಸುತ್ತದೆ ಎನ್ನುತ್ತದೆ. ವಿಂಗಡಣೆ ಉಳಿಯಿತು, ಕಾವಿನ ಚಿಕಿತ್ಸೆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಶಾಸ್ತ್ರದಲ್ಲಿ ಓದಿದ್ದನ್ನು ಶವಚ್ಛೇದದಲ್ಲಿ ಕಣ್ಣಾರೆ ಕಂಡೇ ಅರಿಯಬೇಕೆಂದ ಸುಶ್ರುತನಿಗೆ ಇದರಿಂದ ಅವಮಾನವೇನೂ ಆಗದು. ಚರಕನೂ ಆಪ್ತರ ಉಪದೇಶದ ಪಕ್ಕದಲ್ಲೇ ಪ್ರತ್ಯಕ್ಷ, ಅನುಮಾನ, ಯುಕ್ತಿಗಳನ್ನು ಇಟ್ಟ.

ಆಸ್ಪತ್ರೆ ದೂರ, ಬಡವರು ಏನು ಮಾಡಬೇಕು ಎಂಬ ಮಾತು ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಸಾಧಾರಣದಿಂದ ತೀವ್ರ ಪ್ರಮಾಣದವರೆಗೆ ಸುಟ್ಟುಕೊಳ್ಳುತ್ತಾರೆ. ಅವರಿಗೆ ಬೆಣ್ಣೆಗಿಂತ ಅಗ್ಗದ ಮದ್ದು ನೀರು. ನಲ್ಲಿ ಇಲ್ಲದಿದ್ದರೆ ಚೊಂಬಿನಲ್ಲಿ ಮೊಗೆದು ಸುರಿಯುತ್ತಿರಿ. ಬಳೆ, ಉಂಗುರಗಳನ್ನು ಊತ ಬರುವ ಮೊದಲೇ ತೆಗೆಯಿರಿ, ಬೊಬ್ಬೆ ಒಡೆಯಬೇಡಿ, ಒಗೆದ ಬಟ್ಟೆಯಿಂದ ಗಾಯವನ್ನು ಸಡಿಲವಾಗಿ ಮುಚ್ಚಿ. ಮುಖ, ಕೈ, ಕೀಲು ಸುಟ್ಟಿದ್ದರೆ, ಗಾಯ ಅಂಗೈಗಿಂತ ದೊಡ್ಡದಾಗಿದ್ದರೆ, ಸುಟ್ಟದ್ದು ಮಗುವಾಗಿದ್ದರೆ, ಏನನ್ನೂ ಹಚ್ಚದೆ ವೈದ್ಯರ ಬಳಿ ಕರೆದೊಯ್ಯಿರಿ.