ಎರಡು ತಲೆ, ಒಂದು ಹೊಟ್ಟೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ಸೀಮೆಯ ಯಾವ ಸರಕಾರಿ ಕಾಗದವನ್ನು ಕೈಗೆತ್ತಿಕೊಂಡರೂ ಮೇಲ್ಗಡೆ ಒಂದು ವಿಚಿತ್ರ ಹಕ್ಕಿ ಕಾಣುತ್ತದೆ. ಎರಡು ತಲೆಯ ಗಂಡಭೇರುಂಡ. ಅದರ ಎಡಬಲಕ್ಕೆ ಆನೆಯ ತಲೆ, ಸಿಂಹದ ಮೈಯುಳ್ಳ ಪ್ರಾಣಿಗಳು. ನೆತ್ತಿಯ ಮೇಲೆ ಅಶೋಕನ ಸಿಂಹಗಳು. ಬುಡದಲ್ಲಿ ಸತ್ಯವೇ ಗೆಲ್ಲುವುದೆಂಬ ಉಪನಿಷತ್ತಿನ ಮಾತು. ಕರ್ನಾಟಕದ ಈ ರಾಜಮುದ್ರೆಯನ್ನು ಕಂಡಾಗಲೆಲ್ಲ ನನಗೊಂದು ಪ್ರಶ್ನೆ ಏಳುತ್ತದೆ: ಈ ಹಕ್ಕಿ ನಮ್ಮದಾದದ್ದು ಹೇಗೆ?

ಅದು ಮೈಸೂರು ಒಡೆಯರ ಮನೆತನದ ಗುರುತು. ನಮ್ಮ ಸೀಮೆಯನ್ನು ಒಡೆಯರು ಆಳಲಿಲ್ಲ. ನಾವು ಆದಿಲಶಾಹಿಯನ್ನು ಕಂಡವರು, ಮರಾಠರನ್ನು ಕಂಡವರು, 1956ರವರೆಗೆ ಮುಂಬಯಿಗೆ ಸೇರಿದ್ದವರು. ಆ ವರ್ಷ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ಕೂಡಿದೆವು; ಹಕ್ಕಿಯೂ ನಮ್ಮ ಪಾಲಿಗೆ ಬಂದಿತು. 1973ರಲ್ಲಿ ರಾಜ್ಯದ ಹೆಸರು ಬದಲಾಯಿತು, ಹಕ್ಕಿ ಬದಲಾಗಲಿಲ್ಲ.

ಬಳ್ಳಿಗಾವೆಯಲ್ಲಿ 1047ರ ಗಂಡಭೇರುಂಡ ಕಂಬವಿದೆ. ಆಗ ಆ ಊರೂ ನಮ್ಮ ಸೀಮೆಯೂ ಒಂದೇ ಚಾಲುಕ್ಯರ ಆಳ್ವಿಕೆಯಲ್ಲಿದ್ದವು. ಆದ್ದರಿಂದ ಹಕ್ಕಿ ನಮ್ಮದೇ ಎಂದು ವಾದಿಸಬಹುದು. ವಂಶಾವಳಿಯಿಂದ ಹಕ್ಕು ಸಿದ್ಧವಾದೀತು, ಮಮತೆ ಹುಟ್ಟದು.

ಉತ್ತರಕ್ಕಾಗಿ ನಾನು ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಕಡೆಗೆ ನೋಡುತ್ತೇನೆ. ವಚನದ ಅಂಕಿತವನ್ನು ಮುದ್ರಿಕೆಯೆಂದೂ ಕರೆಯುತ್ತಾರೆ. ಅರಸನ ಮುದ್ರೆಯಲ್ಲಿ ಅರಸನದೇ ಗುರುತು. ಬಸವಣ್ಣನವರ ಮುದ್ರಿಕೆಯಲ್ಲಿ ಮಾತ್ರ ಅವರ ಹೆಸರಿಲ್ಲ, ಕೂಡಲಸಂಗಮದೇವನ ಹೆಸರಿದೆ. ಆಡಿದ ಮಾತಿಗೆ ಯಾರ ಮುಂದೆ ಉತ್ತರ ಹೇಳಬೇಕೋ ಅವನ ಹೆಸರು! ಹಾಗಾದರೆ ಮುದ್ರೆ ಒಡೆತನದ ಗುರುತಾಗಿಯೇ ಇರಬೇಕಾಗಿಲ್ಲ. ಅದು ಹೊಣೆಯ ಗುರುತೂ ಆಗಬಲ್ಲದು.

ಆ ಕಣ್ಣಿನಿಂದ ನೋಡಿದಾಗ ಹಕ್ಕಿಯ ಅರ್ಥವೂ ಬದಲಾಗುತ್ತದೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಅದು ಆನೆಗಳನ್ನೇ ಹಿಡಿದೆತ್ತಿದೆ. ಅದು ಅರಸರು ಮೆಚ್ಚಿದ ಬಲ. ಆದರೆ ಪಂಚತಂತ್ರದಲ್ಲಿ ಅದರ ಬಳಗದ್ದೇ ಎನ್ನಬಹುದಾದ ಭಾರುಂಡವೆಂಬ ಹಕ್ಕಿಯಿದೆ. ಅದಕ್ಕೂ ತಲೆ ಎರಡು, ಹೊಟ್ಟೆ ಒಂದು. ಒಂದು ತಲೆಗೆ ಅಮೃತದಂಥ ಹಣ್ಣು ದೊರೆಯಿತು, ಇನ್ನೊಂದಕ್ಕೆ ಕೊಡಲಿಲ್ಲ. ಸಿಟ್ಟಿಗೆದ್ದ ಆ ತಲೆ ವಿಷದ ಹಣ್ಣು ತಿಂದಿತು. ಸತ್ತದ್ದು ಹಕ್ಕಿ.

ಈ ಕಥೆ ನಮಗೆ ದೂರದ್ದಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣೆಯ ಯೋಜನೆಗೆ ಅಡಿಗಲ್ಲಿಟ್ಟರು. ಆಲಮಟ್ಟಿಯ ಹಿನ್ನೀರಿಗೆ ಹೊಲ ಮನೆ ಬಿಟ್ಟುಕೊಟ್ಟವರಿದ್ದಾರೆ. ಕಾಲುವೆಯ ನೀರಿಗಾಗಿ ವರ್ಷಗಟ್ಟಲೆ ಮುಗಿಲು ನೋಡುತ್ತ ಕುಳಿತವರೂ ಇದ್ದಾರೆ. ಮುಳುಗಡೆಯ ಊರಿನವನಿಗೆ ಕೊಟ್ಟ ಪರಿಹಾರಪತ್ರದ ಮೇಲೂ, ನೀರು ಕಂಡವನ ಹೊಲದ ಕಾಗದದ ಮೇಲೂ ಅದೇ ಹಕ್ಕಿ.

ಹೊಟ್ಟೆ ಒಂದೇ ಎಂಬುದನ್ನು ಎರಡೂ ತಲೆಗಳು ಅರಿತ ದಿನ ಆ ಹಕ್ಕಿ ನಮ್ಮದಾಗುತ್ತದೆ. ಅಲ್ಲಿಯವರೆಗೆ ಅದು ಕಾಗದದ ಮೇಲಿನ ಶಾಯಿ. ಬುಡದಲ್ಲಿರುವ ಸತ್ಯದ ಮಾತು ಅದರ ಮೇಲಿನ ಸಾಲ.