ಬೆಟ್ಟದ ಬುಡದ ಅಂಗಡಿಗಳು

ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯ ಮೆಟ್ಟಿಲುಗಳು ಮೊದಲಾಗುವ ಎಡೆಯಲ್ಲಿ ಕಾಲುಚೀಲ ಮಾರುವವರಿದ್ದಾರೆ. ಪಾದರಕ್ಷೆಯನ್ನು ಕೆಳಗೇ ಬಿಟ್ಟು ಆರುನೂರಕ್ಕೂ ಮಿಕ್ಕಿದ ಮೆಟ್ಟಿಲುಗಳನ್ನು ಏರಬೇಕಾದ ಯಾತ್ರಿಕನಿಗೆ, ಬಿಸಿಲೇರಿದ ಮೇಲೆ ಕಾದ ಬಂಡೆಯ ಮೇಲೆ ಕಾಲಿಡುವುದು ದುಸ್ತರವಾಗುತ್ತದೆ. ಸರ್ವಸ್ವವನ್ನೂ ತೊರೆದು ದಿಗಂಬರನಾಗಿ ನಿಂತ ಭಗವಾನ್ ಬಾಹುಬಲಿಯ ದರ್ಶನಕ್ಕೆ ಹೊರಟವನು ಮೊದಲು ಒಂದು ಜೊತೆ ಕಾಲುಚೀಲವನ್ನು ಕೊಳ್ಳುತ್ತಾನೆ! ಇದರಲ್ಲಿ ನಗುವಂಥದ್ದೇನೂ ಇಲ್ಲ. ತ್ಯಾಗದ ಶಿಖರದ ಕೆಳಗೆ ಸಂಸಾರಿಗಳ ಒಂದು ಊರು ಇದೆ. ಬೆಟ್ಟಕ್ಕೆ ಬರುವವರಿಂದಲೇ ಆ ಊರಿನ ಅನೇಕ ಮನೆಗಳಲ್ಲಿ ಒಲೆ ಉರಿಯುತ್ತದೆ.

ಈಚಿನ ವರ್ಷಗಳಲ್ಲಿ ಈ ಅಂಗಡಿಗಳವರ ಮಾತಿನಲ್ಲಿ ಒಂದು ಬಗೆಯ ಬೇಸರ ಕೇಳಿಬರುತ್ತದೆ. ಜನರು ಬರುತ್ತಾರೆ, ಆದರೆ ತಂಗುವುದಿಲ್ಲ. ಬೆಂಗಳೂರಿನಿಂದ ಮುಂಜಾನೆ ಹೊರಟ ವಾಹನವು ಬೆಳಗೊಳ, ಬೇಲೂರು, ಹಳೇಬೀಡುಗಳನ್ನು ಒಂದೇ ಹಗಲಿನಲ್ಲಿ ಮುಗಿಸಿ ಹಿಂದಿರುಗುತ್ತದೆ. 2017ರಲ್ಲಿ ಬೆಳಗೊಳದ ಮಾರ್ಗವಾಗಿ ಬೆಂಗಳೂರು–ಹಾಸನ ರೈಲು ಓಡತೊಡಗಿದ ಮೇಲೆ ಪ್ರಯಾಣ ಇನ್ನಷ್ಟು ಸುಗಮವಾಯಿತು. ಪ್ರಯಾಣ ಸುಗಮವಾದಷ್ಟೂ ವಾಸ್ತವ್ಯ ಕಿರಿದಾಗುವುದು ಈ ಕಾಲದ ವಿಚಿತ್ರ. ಹನ್ನೆರಡು ವರ್ಷಗಳ ಆಸುಪಾಸಿನಲ್ಲಿ ಒಮ್ಮೆ, 1981, 1993, 2006, 2018ರಲ್ಲಿ ನಡೆದಂತೆ, ಮಹಾಮಸ್ತಕಾಭಿಷೇಕ ಒದಗಿದಾಗ ಊರಿನ ಸುತ್ತ ತಾತ್ಕಾಲಿಕ ನಗರಗಳೇ ಎದ್ದು ನಿಲ್ಲುತ್ತವೆ. ಅದನ್ನು ನಂಬಿ ಸಾಲ ಮಾಡಿ ಸರಕು ತುಂಬಿದವನಿಗೆ ಉತ್ಸವ ಮುಗಿದ ಮೇಲೆ ಉಳಿಯುವುದು ಮಾರದ ಸರಕು ಮತ್ತು ಮುಂದಿನ ಹನ್ನೆರಡು ವರ್ಷಗಳ ನಿರೀಕ್ಷೆ. 2020ರ ಮಾರ್ಚಿಯಲ್ಲಿ ಮಹಾಮಾರಿಯ ಕಾರಣ ಯಾತ್ರೆಯೇ ನಿಂತುಹೋದಾಗ ಆ ನಿರೀಕ್ಷೆಗೂ ಪೆಟ್ಟು ಬಿತ್ತು.

ಕಡಲತೀರದ ವಿಹಾರಸ್ಥಳಗಳಿಗೂ ಇಂಥ ದುರವಸ್ಥೆ ಒದಗಿದ್ದುಂಟು. ಬ್ರಿಟನ್ನಿನ ಮಾರ್ಗೇಟ್ ಮೊದಲಾದ ಊರುಗಳನ್ನು ರೈಲು ಬೆಳೆಸಿತು. ಅಗ್ಗದ ವಿಮಾನಯಾನ ಬಂದು ಜನರು ಸ್ಪೇನಿನ ಬಿಸಿಲನ್ನು ಅರಸಿ ಹೋದಾಗ ಅಲ್ಲಿಯ ಅಂಗಡಿಬೀದಿಗಳು ಬರಿದಾದವು. ಆದರೆ ವಿಲಾಸಕ್ಕೆ ಬಂದವನು ಬೇರೊಂದು ವಿಲಾಸವನ್ನು ಹುಡುಕಿಕೊಂಡು ಹೋದರೆ ಅವನನ್ನು ಕೇಳುವವರಿಲ್ಲ. ತೀರ್ಥಕ್ಷೇತ್ರಕ್ಕೆ ಬರುವ ಶ್ರಾವಕನ ವಿಷಯ ಅಷ್ಟು ಸರಳವಲ್ಲ.

ಹಿರಿಯರು ನೆನೆಯುವ ಬೆಳಗೊಳ ಬೇರೆಯೇ. ಮನೆಮಂದಿಯೆಲ್ಲ ಬಂದು ಧರ್ಮಶಾಲೆಯಲ್ಲಿ ಇಳಿದು, ನಾಲ್ಕಾರು ದಿನ ನಿಂತು, ದೊಡ್ಡಬೆಟ್ಟ ಚಿಕ್ಕಬೆಟ್ಟಗಳನ್ನೂ ಜಿನನಾಥಪುರವನ್ನೂ ದರ್ಶಿಸಿ ಹೋಗುತ್ತಿದ್ದ ಕಾಲ ಅದು. ಅಡುಗೆಗೆ ಅಕ್ಕಿ ಬೇಳೆ ಸೌದೆ ಬೇಕು. ಅಷ್ಟದ್ರವ್ಯಕ್ಕೆ ಅಕ್ಷತೆ, ಕೊಬ್ಬರಿ, ಲವಂಗ, ಬಾದಾಮಿ ಬೇಕು. ಎಲ್ಲವೂ ಕಲ್ಯಾಣಿಯ ಸುತ್ತಮುತ್ತಲ ಅಂಗಡಿಗಳಲ್ಲೇ ಸಿಗುತ್ತಿದ್ದವು. ಚನ್ನರಾಯಪಟ್ಟಣದ ಸೀಮೆಯಿಂದ ತೆಂಗು, ಹಾಸನದ ಕಟ್ಟಾಯದಂಥ ಹೋಬಳಿಗಳಿಂದ ಕಾಳುಕಡಿ. (ಹಾಸನ ಸೀಮೆಯ ಹೆಸರಾಂತ ಬೆಳೆಯಾದ ಆಲೂಗಡ್ಡೆ ಮಾತ್ರ ಕಂದಮೂಲವಾದ್ದರಿಂದ ಯಾತ್ರಿಕರ ಚೀಲವನ್ನು ಸೇರುತ್ತಿರಲಿಲ್ಲ.) ಹಿತ್ತಾಳೆ, ತಾಮ್ರದ ಪಾತ್ರೆಗಳಿಗಂತೂ ಈ ಊರು ಪ್ರಸಿದ್ಧ, ಮೈಸೂರು ಸಂಸ್ಥಾನದ ಹಳೆಯ ಗೆಜೆಟಿಯರಿನಲ್ಲೂ ಆ ಕಸುಬಿನ ಉಲ್ಲೇಖವಿದೆ. ಬೆಳಗೊಳದ ಚೊಂಬು ಮಗಳ ಮದುವೆಗೆ ಆಗುತ್ತಿತ್ತು, ಮೊಮ್ಮಗಳ ಕಾಲಕ್ಕೂ ಉಳಿಯುತ್ತಿತ್ತು. ಸ್ಟೀಲು ಬಂದ ಮೇಲೆ ಆ ಸದ್ದು ಅಡಗುತ್ತ ಬಂದಿತು.

ಈ ನೆನಪಿಗೆ ಸ್ವಲ್ಪ ಬಣ್ಣವೂ ಸೇರಿರುವುದು ಸಹಜ. ಹಳೆಯ ತಕ್ಕಡಿಗಳೆಲ್ಲ ಸಮನಾಗಿಯೇ ತೂಗುತ್ತಿದ್ದವೆಂದು ನಂಬಬೇಕಾಗಿಲ್ಲ. ಕಳೆದುಹೋದ ಅಂಗಡಿಯನ್ನು ನೆನೆದು ಕೊರಗುವುದು ಮೋಹವಲ್ಲವೇ ಎಂಬ ಪ್ರಶ್ನೆಯೂ ಏಳುತ್ತದೆ. ಇಲ್ಲಿಯೇ ಅನೇಕ ಸಜ್ಜನರು ಎಡವುತ್ತಾರೆ. ವ್ಯಾಪಾರವಿಲ್ಲವೆಂದು ಅಂಗಡಿಯವನು ಹೇಳಿಕೊಂಡರೆ, ಬೆಟ್ಟವಿಳಿದು ಬಂದ ಸ್ಥಿತಿವಂತ ಯಾತ್ರಿಕನು “ಎಲ್ಲವೂ ಅನಿತ್ಯವಪ್ಪಾ” ಎಂದು ಸಮಾಧಾನ ನುಡಿದು ವಾಹನವನ್ನೇರುತ್ತಾನೆ. ಮಾತು ಶಾಸ್ತ್ರಸಮ್ಮತ; ಆಡಿದ ಸ್ಥಳ ಮಾತ್ರ ತಪ್ಪು. ದ್ವಾದಶಾನುಪ್ರೇಕ್ಷೆಗಳಲ್ಲಿ ಮೊದಲನೆಯದಾದ ಅನಿತ್ಯಭಾವನೆಯು ತನ್ನ ದೇಹ, ತನ್ನ ಸಂಪತ್ತು, ತನ್ನ ಬಂಧುವರ್ಗಗಳನ್ನು ಕುರಿತು ತಾನು ಚಿಂತಿಸತಕ್ಕದ್ದು. ನೆರೆಯವನ ಬರಿದಾದ ಗಲ್ಲಾಪೆಟ್ಟಿಗೆಯನ್ನು ನೋಡಿ ಚಿಂತಿಸುವುದಕ್ಕೆ ಅದನ್ನು ಹೇಳಿಲ್ಲ. ಪರಿಗ್ರಹಪರಿಮಾಣವೂ ಹಾಗೆಯೇ, ಗೃಹಸ್ಥನು ತನ್ನ ಸೊತ್ತಿಗೆ ತಾನೇ ಹಾಕಿಕೊಳ್ಳುವ ಗಡಿ. ಬಾಹುಬಲಿ ಗೆದ್ದ ರಾಜ್ಯವನ್ನು ಬಿಟ್ಟದ್ದು ತನ್ನ ಪಾಲಿನದನ್ನು. ಇನ್ನೊಬ್ಬರ ಪಾಲಿನ ಅನ್ನವನ್ನಲ್ಲ.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯ ಎರಡು ಈ ಸಂದರ್ಭದಲ್ಲಿ ಸ್ಮರಣೀಯ: ಅತಿಭಾರಾರೋಪಣ, ಅನ್ನಪಾನನಿರೋಧ. ಮಿತಿಮೀರಿದ ಹೊರೆ ಹೊರಿಸುವುದು ಮತ್ತು ತನ್ನನ್ನು ಅವಲಂಬಿಸಿದ ಜೀವಿಯ ಅನ್ನಪಾನಗಳನ್ನು ತಡೆಯುವುದು. ಕಟ್ಟಿಹಾಕಿದ ಪಶುವನ್ನು ಮನಸ್ಸಿನಲ್ಲಿಟ್ಟುಕೊಂಡು ಇವನ್ನು ವಿವರಿಸುವುದು ವಾಡಿಕೆ. ಆದರೆ ಒಂದು ಊರು ತಲೆತಲಾಂತರದಿಂದ ಒಂದು ಸಮುದಾಯದ ಯಾತ್ರೆಯನ್ನೇ ನೆಚ್ಚಿ ಬದುಕಿದ್ದರೆ, ಅದೂ ಒಂದು ಅವಲಂಬನೆಯೇ. ಅಂಗಡಿಯಲ್ಲಿ ಏನನ್ನೂ ಕೊಳ್ಳದೆ ಹೋದವನು ಹಿಂಸಕನೆಂದು ಇದರ ಅರ್ಥವಲ್ಲ. ಭೋಗೋಪಭೋಗಗಳಿಗೆ ಮಿತಿ ಹಾಕಿಕೊಂಡವನಿಗೆ ಆಟಿಕೆ, ಚಿತ್ರಪಟಗಳನ್ನು ಕೊಳ್ಳೆಂದು ಹೇಳುವುದು ಅನುಚಿತ. ಹೇಗೂ ಉಣ್ಣಬೇಕಾದ ಅಕ್ಕಿಬೇಳೆಯನ್ನು ನಗರದಿಂದ ಡಬ್ಬಗಳಲ್ಲಿ ತುಂಬಿ ತರುವ ಬದಲು ಇಲ್ಲಿಯೇ ಕೊಳ್ಳಬಹುದಲ್ಲವೇ? ಒಂದು ರಾತ್ರಿ ಇಲ್ಲಿ ತಂಗಿದರೆ ಚಿಕ್ಕಬೆಟ್ಟದ ಪ್ರಾಚೀನ ನಿಸಿದಿ ಶಾಸನಗಳ ಮುಂದೆ ಬೆಳಗಿನ ತಂಪಿನಲ್ಲಿ ನಿಲ್ಲುವ ಲಾಭವೂ ಯಾತ್ರಿಕನಿಗೇ.

ಡೋಲಿಯ ವಿಷಯದಲ್ಲಿ ಈ ಎರಡು ಅತಿಚಾರಗಳು ಒಂದಕ್ಕೊಂದು ಎದುರು ನಿಲ್ಲುತ್ತವೆ. ಹೊರುವವರ ಹೆಗಲನ್ನು ಕಂಡು ಕನಿಕರಗೊಂಡು ಡೋಲಿಯನ್ನು ಏರದವನು ಅವರ ಅಂದಿನ ಕೂಲಿಯನ್ನೂ ತಪ್ಪಿಸಿದಂತಾಯಿತು. ಏರಿದವನು ಮನುಷ್ಯನ ಮೇಲೆ ಹೊರೆಯಾದ. ಈ ತೊಡಕನ್ನು ಬಿಡಿಸುವ ಸುಲಭದ ಸೂತ್ರವಿಲ್ಲ. ನಡೆಯಲಾರದ ವೃದ್ಧರು ಏರಲಿ, ಏರಿದವರು ಹೊತ್ತವರೊಡನೆ ಚೌಕಾಸಿ ಮಾಡದಿರಲಿ ಎನ್ನುವಷ್ಟಕ್ಕೆ ವಿವೇಕವು ನಿಲ್ಲಬೇಕಾಗುತ್ತದೆ.

ಅಂಗಡಿಯವನಿಗೂ ವ್ರತವುಂಟು. ಗಿರಾಕಿ ವಿರಳವಾದಾಗ ಸಿಕ್ಕ ಒಬ್ಬನಿಂದಲೇ ಹತ್ತು ಜನರ ಲಾಭವನ್ನು ಸುಲಿಯುವ ಆಸೆ ಹುಟ್ಟುತ್ತದೆ. ಅಚ್ಚಿನಲ್ಲಿ ಎರಕವಾದ ಗೊಮ್ಮಟನನ್ನು ಕೈಯಿಂದ ಕಡೆದ ಕಲ್ಲಿನದೆಂದೂ, ಪರಿಮಳ ಸವರಿದ ಬೇರೆ ಮರವನ್ನು ಶ್ರೀಗಂಧವೆಂದೂ ಮಾರುವುದು ಅಚೌರ್ಯವ್ರತದಲ್ಲಿ ಹೇಳಿದ ಪ್ರತಿರೂಪಕ ವ್ಯವಹಾರವೇ. ತಕ್ಕಡಿಯಲ್ಲಿ ಕೈಚಳಕ ತೋರುವುದು ಹೀನಾಧಿಕಮಾನೋನ್ಮಾನ. ಬಡತನ ಇದಕ್ಕೆ ಕಾರಣವಾಗಬಹುದು, ಸಮರ್ಥನೆಯಾಗದು. ಒಮ್ಮೆ ಮೋಸ ಹೋದ ಯಾತ್ರಿಕನು ಮುಂದಿನ ಸಲ ಎಲ್ಲ ಅಂಗಡಿಗಳನ್ನೂ ದಾಟಿ ನೇರವಾಗಿ ಮೆಟ್ಟಿಲೇರುತ್ತಾನೆ. ಅದರ ನಷ್ಟ ನೆರೆಯ ಪ್ರಾಮಾಣಿಕನಿಗೂ ತಟ್ಟುತ್ತದೆ.

ಕ್ಷೇತ್ರಗಳ ಆಡಳಿತ ಸಮಿತಿಗಳೂ ಇಲ್ಲಿ ಯೋಚಿಸಬೇಕಾದದ್ದಿದೆ. ಆಹಾರದಾನವು ಚತುರ್ವಿಧ ದಾನಗಳಲ್ಲಿ ಒಂದು. ಯಾತ್ರಿಕರಿಗೆ ಊಟ, ವಸತಿಗಳನ್ನು ಒದಗಿಸುವುದು ಪುಣ್ಯಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಊಟದ ಅಕ್ಕಿ, ತರಕಾರಿ, ಹಾಲುಗಳು ಎಲ್ಲಿಂದ ಬರುತ್ತವೆ? ದೂರದ ಮಂಡಿಯಲ್ಲಿ ಮೂಟೆಗೆ ಹತ್ತಾರು ರೂಪಾಯಿ ಉಳಿಯುತ್ತದೆಂದು ಊರಿನವನನ್ನು ಬಿಟ್ಟರೆ, ದಾನವು ಒಂದು ಕೈಯಲ್ಲಿ ಕೊಟ್ಟದ್ದನ್ನು ಲೆಕ್ಕಾಚಾರವು ಇನ್ನೊಂದು ಕೈಯಲ್ಲಿ ಕಸಿಯುತ್ತದೆ. ಯಾತ್ರಿಕರಿಲ್ಲದ ತಿಂಗಳಲ್ಲಿ ಮಳಿಗೆಯ ಬಾಡಿಗೆಯನ್ನು ಜಾತ್ರೆಯ ತಿಂಗಳಿನಷ್ಟೇ ಬಿಗಿಯಾಗಿ ವಸೂಲು ಮಾಡುವುದು ಲೆಕ್ಕಪತ್ರಕ್ಕೆ ಒಪ್ಪಿತವಾಗಬಹುದು. ಧರ್ಮಸಂಸ್ಥೆಯ ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ.

ಬೆಳಗೊಳದ ಇತಿಹಾಸದಲ್ಲಿ ಅಂಗಡಿ ಮತ್ತು ಬಸದಿ ದೂರದೂರ ಇರಲಿಲ್ಲ. ಮೊಸಳೆಯ ವಡ್ಡವ್ಯವಹಾರಿ ಬಸವಿಸೆಟ್ಟಿಯು ಚತುರ್ವಿಂಶತಿ ತೀರ್ಥಂಕರರ ಬಿಂಬಗಳನ್ನು ಮಾಡಿಸಿದಾಗ, ಅವುಗಳ ಪೂಜೆಗೆ ವರ್ಷವರ್ಷವೂ ಇಷ್ಟಿಷ್ಟು ಕೊಡುವೆವೆಂದು ಒಪ್ಪಿದ ವ್ಯಾಪಾರಿಗಳ ಹೆಸರುಗಳು ಕಲ್ಲಿನ ಮೇಲಿವೆ. ಗೊಮ್ಮಟದೇವರ ಅಭಿಷೇಕದ ಹಾಲಿಗೆಂದು ಭಕ್ತರು ಇಟ್ಟ ಮೂಲಧನದ ಬಡ್ಡಿಯಿಂದ ಹಾಲು ಸಲ್ಲಬೇಕೆಂಬ ಏರ್ಪಾಡುಗಳೂ ಶಾಸನಗಳಲ್ಲಿವೆ. ಚಾವುಂಡರಾಯನ ಕೊಡಗಟ್ಟಲೆ ಹಾಲು ಇಳಿಯದಿದ್ದಲ್ಲಿ ಗುಳ್ಳಕಾಯಜ್ಜಿಯ ಒಂದಿಷ್ಟು ಹಾಲು ಪಾದದವರೆಗೆ ಇಳಿಯಿತೆಂಬ ಕಥೆಯನ್ನು ಮಕ್ಕಳೂ ಬಲ್ಲರು.

ಊರೊಳಗೆ, ಭಂಡಾರಿ ಬಸದಿ, ಅಕ್ಕನ ಬಸದಿಗಳಿಗೆ ಸಮೀಪದಲ್ಲಿ, ಒಂದು ಚಿಕ್ಕ ಗುಡಿಯಿದೆ. ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 1195ರ ಸುಮಾರಿಗೆ, ನಾಗದೇವನೆಂಬ ಮಂತ್ರಿ ಅದನ್ನು ಕಟ್ಟಿಸಿದನು. ಅದರ ರಕ್ಷಣೆಯನ್ನು ಹೊತ್ತವರು ಈ ಊರಿನ ನಖರರು, ಎಂದರೆ ವರ್ತಕ ಸಮೂಹದವರು. ಆ ಕಾರಣದಿಂದಲೇ ಅದಕ್ಕೆ ನಗರ ಜಿನಾಲಯವೆಂದು ಹೆಸರು. ವಿಂಧ್ಯಗಿರಿಯಿಂದ ಇಳಿದವರಲ್ಲಿ ಹೆಚ್ಚಿನವರು ಆ ಕಡೆ ಹೋಗುವುದಿಲ್ಲ; ಮಧ್ಯಾಹ್ನದೊಳಗೆ ಬೇಲೂರಿನ ಹಾದಿಯನ್ನು ಹಿಡಿದಿರುತ್ತಾರೆ.