ಬೇಗ ಬಿಡುವ ಬಂಧ

ಜೀವಶಾಸ್ತ್ರವನ್ನು ಮನಸಾರೆ ಓದುವ ಎಷ್ಟೋ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಮಾತ್ರ ಪರೀಕ್ಷೆಗಾಗಿ ಹೊತ್ತ ಹೊರೆ. ಸಹವೇಲೆನ್ಸಿ ಬಂಧ, ಅಯಾನಿಕ ಬಂಧಗಳನ್ನು ಬಾಯಿಪಾಠ ಮಾಡಿ, ಹೈಡ್ರೋಜನ್ ಬಂಧಕ್ಕೆ ಬರುವ ಹೊತ್ತಿಗೆ ಪುಟ ತಿರುವುವ ಅವಸರ. ನನ್ನ ಮನಸ್ಸು ನಿಲ್ಲುವುದು ಆ ಪುಟದ ಮೇಲೆಯೇ. ಚಿಕ್ಕೋಡಿ, ಅಥಣಿ ಸೀಮೆಯ ಹೊಳೆ, ಹೊಲ, ಚಪ್ಪಲಿ ಎಲ್ಲವೂ ಆ ಒಂದು ಪುಟದೊಳಗಿವೆ.

ಕಲ್ಲೋಳ, ಯಡೂರದ ಕಡೆ ಕೃಷ್ಣೆಯ ದಂಡೆಯಲ್ಲಿ ನಿಂತು ನೀರನ್ನು ನೋಡಿ. ಒಂದೊಂದು ಅಣುವಿನಲ್ಲೂ ಒಂದು ಆಕ್ಸಿಜನ್, ಎರಡು ಹೈಡ್ರೋಜನ್. ಆಕ್ಸಿಜನ್ ಎಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆದುಕೊಳ್ಳುವುದರಿಂದ ಅದರ ಬದಿಗೆ ತುಸು ಋಣ, ಹೈಡ್ರೋಜನ್ ಬದಿಗೆ ತುಸು ಧನ ವಿದ್ಯುದಂಶ. ಹಾಗಾಗಿ ಒಂದು ಅಣುವಿನ ಹೈಡ್ರೋಜನ್ ನೆರೆಯ ಅಣುವಿನ ಆಕ್ಸಿಜನ್ ಕಡೆ ವಾಲುತ್ತದೆ. ಹೈಡ್ರೋಜನ್ ಬಂಧವೆಂದರೆ ಇಷ್ಟೇ. ಅಣುವಿನೊಳಗಿನ ಬಂಧದ ಬಲಕ್ಕೆ ಹೋಲಿಸಿದರೆ ಇದು ಸುಮಾರು ಇಪ್ಪತ್ತರಲ್ಲೊಂದು ಪಾಲು. ನೀರಿನಲ್ಲಿ ಇದರ ಆಯುಷ್ಯ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದ ಆಸುಪಾಸು. ಇಂಥದ್ದನ್ನು ಲೆಕ್ಕಕ್ಕೆ ಹಿಡಿಯಬೇಕೇ? ಹೈಡ್ರೋಜನ್ ಸಲ್ಫೈಡ್ ನೋಡಿ. ಅದರ ಅಣು ನೀರಿನ ಅಣುವಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಆದರೂ ಮೈನಸ್ 60 ಡಿಗ್ರಿಗೇ ಕುದಿದು ಅನಿಲವಾಗುತ್ತದೆ, ಏಕೆಂದರೆ ಅಲ್ಲಿ ಈ ಬಂಧ ತೀರಾ ಕ್ಷೀಣ. ಇದೊಂದು ಇಲ್ಲದೆ ಹೋಗಿದ್ದರೆ ಕೃಷ್ಣೆ, ದೂಧಗಂಗಾ, ವೇದಗಂಗಾ ಮೂರೂ ಆವಿಯಾಗಿಯೇ ಉಳಿಯುತ್ತಿದ್ದವು.

ಇದೇ ನೀರು ರಾಯಬಾಗ, ಕಾಗವಾಡದ ಕಬ್ಬಿನೊಳಗೆ ಯಾವ ಪಂಪೂ ಇಲ್ಲದೆ ಮೇಲೇರುತ್ತದೆ. ಎಲೆಯಿಂದ ಒಂದು ಅಣು ಆವಿಯಾದರೆ, ಅದರ ಬೆನ್ನಿಗೆ ಅಂಟಿದ್ದುದು ಮುಂದೆ ಸರಿಯುತ್ತದೆ. ಆ ಎಳೆತ ಬೇರಿನವರೆಗೆ ಮುಟ್ಟುತ್ತದೆ. ಎಲೆ ಕಟ್ಟಿದ ಸಕ್ಕರೆಯ ಅಣುವಿನಲ್ಲಿ 12 ಕಾರ್ಬನ್, 22 ಹೈಡ್ರೋಜನ್, 11 ಆಕ್ಸಿಜನ್. ಅದರ ಮೈಮೇಲೆ ನೀರಿನೊಂದಿಗೆ ಬೆಸೆಯಬಲ್ಲ ಎಂಟು ಹೈಡ್ರಾಕ್ಸಿಲ್ ಗುಂಪುಗಳು. ಅದಕ್ಕೇ 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು ಎರಡು ಕಿಲೋ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ನೀರುಣಿಸಿ ಉಣಿಸಿ ಸವಳಾದ ಹೊಲದಲ್ಲಿ ಮಾತ್ರ ಕಥೆಯೇ ಬೇರೆ: ಉಪ್ಪಿನ ಅಯಾನುಗಳು ನೀರನ್ನು ತಮ್ಮ ಸುತ್ತ ಕಟ್ಟಿಕೊಂಡುಬಿಡುತ್ತವೆ, ಮಣ್ಣು ಹಸಿಯಾಗಿದ್ದರೂ ಬೆಳೆ ಬಾಯಾರುತ್ತದೆ. ಆ ಹೊಲದ ರೈತನ ಮಗಳಿಗೆ ಪರಾಸರಣ ಎಂಬ ಪಾಠವನ್ನು ಅವಳ ಹೊಲದಿಂದಲೇ ಹೇಳಿಕೊಡಬೇಕು.

ಇನ್ನು ಚಪ್ಪಲಿ. ಕೊಲ್ಹಾಪುರಿ ಎಂದು ಲೋಕ ಕರೆಯುವ ಚಪ್ಪಲಿ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದಲ್ಲೂ ತಲೆಮಾರುಗಳಿಂದ ತಯಾರಾಗುತ್ತಿದೆ. 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕದ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಷ್ಟೇ ಹಕ್ಕು ಬೆಳಗಾವಿ ಸೇರಿ ಕರ್ನಾಟಕದ ನಾಲ್ಕಕ್ಕೂ ಇದೆ. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆಯುತ್ತಾರೆ. ಆಮೇಲೆ ಜಾಲಿ ತೊಗಟೆ, ಅಳಲೆಕಾಯಿ ಕಲಸಿದ ನೀರು. ತೊಗಲನ್ನೇ ಚೀಲದಂತೆ ಹೊಲಿದು ತೂಗುಹಾಕಿ, ಆ ನೀರನ್ನು ಒಳಗೆ ತುಂಬಿ ಜಿನುಗಲು ಬಿಡುವ ಕ್ರಮವೂ ಉಂಟು. ಕೊಳೆಯಬೇಕಾದ ತೊಗಲು ಹೀಗೆ ವರ್ಷಗಟ್ಟಲೆ ಬಾಳುವ ಚರ್ಮವಾಗುತ್ತದೆ.

ತೊಗಲಿನ ಸತ್ವ ಕೊಲ್ಯಾಜನ್ ಎಂಬ ಪ್ರೋಟೀನು. ನಮ್ಮ ಮೈಯ ಪ್ರೋಟೀನಿನಲ್ಲೂ ಸುಮಾರು ಮೂರರಲ್ಲೊಂದು ಪಾಲು ಇದೇ. ಅದರ ರಚನೆ ಮೂರೆಳೆ ಹೊಸೆದ ಹಗ್ಗದ ಹಾಗೆ ಎಂದು 1954ರಲ್ಲಿ ಮೊದಲು ಸೂಚಿಸಿದವರು ಮದ್ರಾಸ್ ವಿಶ್ವವಿದ್ಯಾಲಯದ ಜಿ. ಎನ್. ರಾಮಚಂದ್ರನ್ ಮತ್ತು ಗೋಪೀನಾಥ್ ಕರ್ತಾ. ರಾಮಚಂದ್ರನ್ ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಅವರ ಬಳಿ ಕಲಿತವರು. ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಗೇ ಮರಳಿ ಅಣುಜೀವಭೌತಶಾಸ್ತ್ರ ವಿಭಾಗ ಕಟ್ಟಿದರು. ಕಾಂಗರೂ ಬಾಲದ ಸ್ನಾಯುರಜ್ಜುವಿನ ಎಕ್ಸ್-ರೇ ಚಿತ್ರದಿಂದ ಅವರು ಇದನ್ನು ಓದಿ ತೆಗೆದರು ಎಂಬುದೇ ನನಗೆ ಸೋಜಿಗ. ಮೂರೆಳೆಗಳ ನಡುವೆ ಎಷ್ಟು ಇಕ್ಕಟ್ಟೆಂದರೆ, ಪ್ರತಿ ಮೂರನೆಯ ಜಾಗದಲ್ಲಿ ಅಮೈನೋ ಆಮ್ಲಗಳಲ್ಲೇ ಅತಿ ಚಿಕ್ಕದಾದ ಗ್ಲೈಸಿನ್ ಮಾತ್ರ ಹಿಡಿಸುತ್ತದೆ. ಎಳೆಗಳನ್ನು ಜೊತೆಗಿಟ್ಟಿರುವುದು ಹೈಡ್ರೋಜನ್ ಬಂಧ. ಜಾಲಿ ತೊಗಟೆಯ ಟ್ಯಾನಿನ್ ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳನ್ನು ಹೊತ್ತು ಬಂದು ಕೊಲ್ಯಾಜನ್ ಎಳೆಗಳಿಗೆ ಅಂಟಿಕೊಳ್ಳುವುದೂ ಬಹುಮಟ್ಟಿಗೆ ಅದೇ ಬಂಧದಿಂದ. ಒಂದೊಂದೂ ದುರ್ಬಲ, ಆದರೆ ಎಣಿಕೆಗೆ ಸಿಗದಷ್ಟು. ಕೊಳೆಸುವ ಸೂಕ್ಷ್ಮಾಣುವಿನ ಕಿಣ್ವಕ್ಕೆ ಆ ಎಳೆಗಳನ್ನು ಕತ್ತರಿಸುವುದು ಕಷ್ಟವಾಗುತ್ತದೆ. ರಾಮಚಂದ್ರನ್ ಸೂತ್ರ ಬರೆಯುವುದಕ್ಕೆ ಎಷ್ಟೋ ಮೊದಲೇ ಈ ಸೀಮೆಯ ಕೈಗಳು ಅದನ್ನು ಹದವಾಗಿ ಬಲ್ಲವು. ಆ ಕೈಗಳಿಗೆ ಸಮಾಜ ಕೊಟ್ಟ ಮರ್ಯಾದೆ ಸಾಲದು.

ಜೀವಕ್ಕೆ ಇಂಥ ಸಡಿಲ ಬಂಧವೇ ಏಕೆ ಬೇಕಾಯಿತು? ಬಿಗಿಯಾದದ್ದು ಉಳಿಯುತ್ತದೆ, ಬದಲಾಗುವುದಿಲ್ಲ. ಡಿಎನ್‌ಎಯಲ್ಲಿ ಅಡೆನಿನ್, ಥೈಮಿನ್ ನಡುವೆ ಎರಡು, ಗ್ವಾನಿನ್, ಸೈಟೊಸಿನ್ ನಡುವೆ ಮೂರು ಹೈಡ್ರೋಜನ್ ಬಂಧ. ಸುಮಾರು 300 ಕೋಟಿ ಜೋಡಿಗಳು ಸೇರಿ ತಾಯ್ತಂದೆಯರ ಬರಹವನ್ನು ಕಾಪಾಡುವಷ್ಟು ಗಟ್ಟಿ. ಕಿಣ್ವವೊಂದು ಬಂದು ತುಣುಕು ತುಣುಕಾಗಿ ಬಿಚ್ಚುವಷ್ಟು ಮೃದು. ಪಾಠ ಕೇಳುತ್ತ ಕುಳಿತ ಹುಡುಗಿಯ ಎಲುಬಿನ ಮಜ್ಜೆಯಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ತಯಾರಾಗುತ್ತವೆ. ಅವುಗಳ ಮೂಲಕೋಶಗಳು ಒಡೆದು ಎರಡಾಗಬೇಕಾದರೆ, ಪ್ರತಿ ಸಲವೂ ಈ ಕೋಟಿ ಕೋಟಿ ಬಂಧಗಳು ಬಿಚ್ಚಿ ಮತ್ತೆ ಕೂಡಿಕೊಳ್ಳಲೇಬೇಕು.